ಮ್ಯಾಲ ನೆರಳು, ಕೆಳಗ ಜಾರುಬಂಡಿ

ಇವತ್ತಿನ ವಿಷಯ ಪ್ಲಾಸ್ಟಿಕ್ಕು. ಒಡೆದ ಸಿಂಟೆಕ್ಸ್ ಟ್ಯಾಂಕು, ಹಳೇ ನೀಲಿ ಡ್ರಮ್ಮು, ಹೊಲದ ಮೂಲ್ಯಾಗ ಬಿದ್ದಿರೋ ಸ್ಪ್ರಿಂಕ್ಲರ್ ಪೈಪು. ಇವನ್ನ ಗುಜರಿಗೆ ಕೆಜಿ ಲೆಕ್ಕದಾಗ ಹಾಕೋಕಿಂತ ಮೊದಲು ಸ್ವಲ್ಪ ತಡೀರಿ. ಗಾಡಿಗೆ ಮ್ಯಾಲೊಂದು ಟಾಪು, ಕೆಳಗೊಂದು ಗಾರ್ಡ್ ಪ್ಲೇಟು, ಎರಡೂ ಇದರಾಗ ಆಗ್ತಾವ. ಆದ್ರ ಯಾವ ಗಾಡಿಗೆ ಯಾವುದು, ಯಾವ ಪ್ಲಾಸ್ಟಿಕ್ ಎಲ್ಲಿ, ಇದು ತಪ್ಪಿದ್ರ ರೊಕ್ಕನೂ ಹೋಗ್ತದ, ಕೆಲವೊಮ್ಮೆ ಜೀವಕ್ಕೂ ಕುತ್ತು.

ಅಮೆರಿಕ, ಆಸ್ಟ್ರೇಲಿಯಾ ಕಡೆ ಗುಡ್ಡ, ಮರಳು ಹತ್ತಿಸೋ ಸಣ್ಣ ಗಾಡಿಗಳಿಗೆ ಜನ ಮನ್ಯಾಗ ಕೂತು ದಪ್ಪ ಪ್ಲಾಸ್ಟಿಕ್ ಹಾಳಿ ಕೊಯ್ದು ಹೊಟ್ಟಿ ಕೆಳಗ ಬಿಗೀತಾರ. ಅವರಿಗದು ಶೋಕಿ. ನಮ್ಮ ರಾಯಚೂರು ಜಿಲ್ಲಾದ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ರಸ್ತೆ ಬಿಟ್ಟು ಗಾಡಿ ಇಳಿಸೋದು ಶೋಕಿಗಲ್ಲ. ಕಾಲುವಿ ದಂಡಿ ಹಿಡಿದು ಗದ್ದಿಗೆ ಹೋಗಬೇಕು, ಗೊಬ್ಬರ ಹಾಕಬೇಕು, ಕೂಲಿ ಮಂದೀನ ಬಿಡಬೇಕು. ಟ್ರ್ಯಾಕ್ಟರು, ಬೊಲೆರೊ ಪಿಕಪ್ಪು, ಹಳೇ ಜೀಪು, ಕ್ರೂಸರ್, ಇವೇ ನಮ್ಮ ಕಡೆ ಆಫ್‌ರೋಡ್ ಗಾಡಿ.

ಮೊದಲ ಮಾತು. ಟ್ರ್ಯಾಕ್ಟರಿಗೆ ಕೆಳಗಿನ ಪ್ಲೇಟ್ ಬಹುತೇಕ ಬ್ಯಾಡ. ಅದರ ಹೊಟ್ಟಿ ನೆಲದಿಂದ ಎತ್ತರದಾಗ ಇರ್ತದ, ಆಯಿಲ್ ಚೇಂಬರ್ ಹೆಚ್ಚಿನ ಮಾಡೆಲ್‌ನಾಗ ದಪ್ಪ ಬೀಡಿಂದು. ಟ್ರ್ಯಾಕ್ಟರ್ ಮ್ಯಾಲ ಕೂತವರ ತಲಿಗೆ ನೆರಳು ಬೇಕು, ಅಷ್ಟೇ. ಪಿಕಪ್ಪು, ಜೀಪಿನ ಕಥಿ ಉಲ್ಟಾ. ತಲಿ ಮ್ಯಾಲ ತಗಡು ಅದ, ಕೆಳಗ ಚೇಂಬರ್ ತೆಳು ತಗಡಿಂದು ಇಲ್ಲಾ ಅಲ್ಯೂಮಿನಿಯಂದು. ಒಂದು ಕಲ್ಲು ಸರಿಯಾಗಿ ತಾಗ್ತಂದ್ರ ಆಯಿಲ್ ಎಲ್ಲಾ ದಾರಿಗೆ. ಆಯಿಲ್ ಲೈಟ್ ಬಂದ ಮ್ಯಾಲೂ ಊರು ಮುಟ್ಟಲಿ ಅಂತ ಓಡಿಸಿದವರ ಎಂಜಿನ್ ಬಿಚ್ಚಿ ನೋಡ್ರಿ, ಮೆಕ್ಯಾನಿಕ್ ಏನೂ ಹೇಳೋದೇ ಬ್ಯಾಡ.

ಇನ್ನ ಈ ಮೂರು ಊರಿನ ನೆಲ. ಸಿಂಧನೂರು ಅಂದ್ರ ತುಂಗಭದ್ರಾ ಎಡದಂಡೆ ಕಾಲುವಿ, ಎರಿ ಮಣ್ಣು, ನೆಲ್ಲು. ಅಲ್ಲಿ ಗಾಡಿಗೆ ವೈರಿ ಕಲ್ಲಲ್ಲ, ರಾಡಿ. ಎರಿ ಮಣ್ಣು ಹಸಿ ಇದ್ದಾಗ ಅಂಟಾಗಿ ಹಿಡೀತದ, ಒಣಗಿದ ಮ್ಯಾಲ ಇಟ್ಟಂಗಿಯಷ್ಟು ಗಟ್ಟಿ. ಮಸ್ಕಿ ದಾಟಿ ಲಿಂಗಸುಗೂರು ಕಡೆ ಹೊಂಟ್ರ ಗುಡ್ಡ, ಗುಂಡು, ಹರಳು ಶುರು. ಭೂವಿಜ್ಞಾನದವರು ಹೇಳೋ ಹಟ್ಟಿ–ಮಸ್ಕಿ ಶಿಲಾಪಟ್ಟಿ ಹಾಯ್ದು ಹೋಗೋದೂ ಈ ಕಡೇನೇ, ಹಟ್ಟಿ ಚಿನ್ನದ ಗಣಿ ಇರೋದೂ ಇದರಾಗೇ. ಅಂದಂಗ, ಮಸ್ಕಿ ಬಂಡಿ ಮ್ಯಾಲಿನ ಅಶೋಕನ ಶಾಸನ 1915ರಾಗ ಕಣ್ಣಿಗೆ ಬಿದ್ದದ್ದು ಸಿ. ಬೀಡನ್ ಅನ್ನೋ ಗಣಿ ಎಂಜಿನಿಯರ್‌ಗೆ. ಬಂಗಾರ ಹುಡುಕೋ ಮನಿಷ್ಯಾಗ ಸಿಕ್ಕಿದ್ದು ಅಶೋಕನ ಹೆಸರು. ಇರ್ಲಿ, ನಮ್ಮ ಚೇಂಬರ್‌ಗೆ ಸಿಗೋದು ಬರೇ ಕಲ್ಲು.

ಅದಕ್ಕ ಒಂದೇ ಪ್ಲೇಟು ಎರಡೂ ಕಡೆ ನಡಿಯಂಗಿಲ್ಲ. ಕಲ್ಲಿನ ನೆಲಕ್ಕ ಮುಚ್ಚಿದ ಪ್ಲೇಟ್ ಬೇಕು. ಮುಂದಿನ ಅಂಚು ಮ್ಯಾಲಕ್ಕ ಬಾಗಿರಬೇಕು, ಕಲ್ಲು ತಾಗಿದ್ರ ಗಾಡಿ ಅದರ ಮ್ಯಾಲ ಜಾರಿ ಮುಂದ ಹೋಗಬೇಕು, ಹುಡುಗರು ಜಾರುಬಂಡಿ ಆಡಿದಂಗ. ರಾಡಿ ನೆಲಕ್ಕ ಪ್ಲೇಟಿನಾಗ ಕಿಂಡಿ ಬೇಕು. ದೊಡ್ಡ ಕಿಂಡಿ, ಕೈ ಹೋಗುವಷ್ಟು. ಇಲ್ಲಂದ್ರ ಪ್ಲೇಟಿಗೂ ಎಂಜಿನ್ನಿಗೂ ನಡುವ ಕೆಸರು ತುಂಬಿ ಒಣಗಿ, ಗಾಳಿ ಆಡದಂಗಾಗಿ ಎಂಜಿನ್ ಬಿಸಿ ಏರ್ತದ. ಸುಗ್ಗಿ ಕಾಲದಾಗ ಇನ್ನೂ ಕೆಟ್ಟದ್ದು. ನೆಲ್ಲಿನ ಹುಲ್ಲು, ಹೊಟ್ಟು ಪ್ಲೇಟ್ ಮ್ಯಾಲ ಕುಂದರ್ತದ, ಬಾಜೂಕ ಸೈಲೆನ್ಸರ್ ಪೈಪು ಕಾದಿರ್ತದ. ಬೆಂಕಿಗೆ ಇನ್ನೇನು ಬೇಕ್ರಿ? ಹುಲ್ಲಿನ ಹೊಲದಾಗ ಹೋಗಿ ಬಂದ ದಿನ ಕೆಳಗ ಬಗ್ಗಿ ಕಡ್ಡಿ ಹಾಕಿ ಕೆದರೋದು ರೂಢಿ ಮಾಡಿಕೊಳ್ರಿ.

ಈಗ ಯಾವ ಪ್ಲಾಸ್ಟಿಕ್ಕು ಅನ್ನೋದು. ಪ್ಲೇಟಿಗೆ ಎಚ್‌ಡಿಪಿಇ, ಅಂದ್ರ ಗಟ್ಟಿ ಜಾತಿ ಪಾಲಿಥಿಲೀನು. ನೀಲಿ ಡ್ರಮ್ಮು, ಕರೀ ಸ್ಪ್ರಿಂಕ್ಲರ್ ಪೈಪು ಇದರದ್ದೇ. ತಳದಾಗ ಮೂರು ಬಾಣದ ಮುಕ್ಕೋಣ, ನಡುವ 2 ಅಂತ ಇದ್ರ ಅದೇ. ಗುರುತು ಅಳಿಸಿದ್ರ ಒಂದು ಚೂರು ಕೊಯ್ದು ಬಕೆಟ್ ನೀರಾಗ ಹಾಕ್ರಿ. ಎಚ್‌ಡಿಪಿಇ ತೇಲ್ತದ, ಯಾಕಂದ್ರ ಅದರ ಸಾಂದ್ರತೆ 0.95ರ ಹತ್ತಿರ. ಪಿವಿಸಿ ಮುಳುಗ್ತದ, ಅದರದ್ದು 1.4ರ ಸುಮಾರು. ಪಿವಿಸಿ ಗಟ್ಟಿ ಕಂಡರೂ ಪೆಟ್ಟಿಗೆ ಸೀಳ್ತದ, ಕಾಸಿದ್ರ ಹೈಡ್ರೋಜನ್ ಕ್ಲೋರೈಡ್ ಅನ್ನೋ ಕೆಟ್ಟ ಹೊಗಿ ಬಿಡ್ತದ. ಬೋರಿನ ಹಳೇ ಪಿವಿಸಿ ಪೈಪು ಈ ಕೆಲಸಕ್ಕ ಬ್ಯಾಡೇ ಬ್ಯಾಡ.

ರೊಕ್ಕ ಹಾಕಿ ಹೊಸಾದು ತರೋರು ಇದ್ರ ಎಚ್‌ಡಿಪಿಇದ ಅಣ್ಣ ಒಬ್ಬ ಇದ್ದಾನ, ಯುಎಚ್‌ಎಂಡಬ್ಲ್ಯು ಅಂತ. ಅದೂ ಪಾಲಿಥಿಲೀನೇ, ಆದ್ರ ಸವಕಲಿಗೆ ಭಾಳ ಗಟ್ಟಿ. ಗಣಿಗಳಾಗ ಅದಿರು ಅಂಟದಂಗ ಜಾರಲಿ ಅಂತ ಇದನ್ನ ಅದಿರು ಇಳಿಯೋ ತೊಟ್ಟಿ ಒಳಗ ಹೊದಿಸ್ತಾರ. ಅದಿರು ಜಾರಿಸೋ ಪ್ಲಾಸ್ಟಿಕ್ಕು ಕಲ್ಲಿನ ಮ್ಯಾಲ ಗಾಡಿ ಜಾರಿಸ್ತದ.

ಇಲ್ಲೊಂದು ಗೊಂದಲ ಅದ. ಪ್ಲಾಸ್ಟಿಕ್ ಕಬ್ಬಿಣಕ್ಕಿಂತ ಗಟ್ಟಿ ಏನು ಅಂತ ಕೇಳ್ತಾರ. ಅಲ್ರಿ. ಗಟ್ಟಿತನದಾಗ ಕಬ್ಬಿಣದ ಮುಂದ ಇದು ಏನೂ ಅಲ್ಲ. ಇದರ ಗುಣ ಜಾರೋದು, ಬಾಗಿ ಮತ್ತ ಮೊದಲಿನಂಗ ಆಗೋದು, ತೂಕ ಕಡಿಮಿ ಇರೋದು. ಲೆಕ್ಕ ನೋಡ್ರಿ: 6 ಮಿಲಿಮೀಟರ್ ದಪ್ಪದ ಕಬ್ಬಿಣದ ಹಾಳಿ ಒಂದು ಚದರ ಮೀಟರಿಗೆ 47 ಕೆಜಿ. 10 ಮಿಲಿಮೀಟರ್ ಎಚ್‌ಡಿಪಿಇ ಅಷ್ಟೇ ಅಗಲಕ್ಕ ಒಂಬತ್ತೂವರೆ ಕೆಜಿ. ಆದ್ರ ಭಾರ ಹೊರೋ ಕೆಲಸ ಅದಕ್ಕ ಹಚ್ಚಬ್ಯಾಡ್ರಿ. ಒಳಗ ಕಬ್ಬಿಣದ ಪಟ್ಟಿ ಇರಬೇಕು, ಹೊರಗ ಪ್ಲಾಸ್ಟಿಕ್ ಇರಬೇಕು. ಗಾಡಿಗೆ ಕಂಪನಿ ತಗಡಿನ ಗಾರ್ಡ್ ಇದ್ದೇ ಇದ್ರ ಇನ್ನೂ ಚಲೋ, ಅದರ ಮ್ಯಾಲೇ ಪ್ಲಾಸ್ಟಿಕ್ ಹೊದಿಸಿಬಿಡ್ರಿ.

ಡ್ರಮ್ಮಿನ ಗೋಡಿ ಪ್ಲೇಟಿಗೆ ತೆಳು ಆಗ್ತದ. ಹರಳು, ಮುಳ್ಳಿನ ಕಂಟಿ ತಡಿಯೋಕ ಸಾಕು, ಗುಂಡುಗಲ್ಲಿಗೆ ಸಾಲಂಗಿಲ್ಲ. ಅದಕ್ಕ 10 ಇಲ್ಲಾ 12 ಮಿಲಿಮೀಟರ್ ಹಾಳಿ ಕೊಂಡು ತರೋದೇ ಸೈ.

ಮೊದಲು ರಟ್ಟಿನ ಅಳತಿ ತಗೀರಿ. ಗಾಡಿ ಎತ್ತಿ, ಜಾಕ್ ಮ್ಯಾಲ ನಂಬಿಕಿ ಇಡದೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಆಮ್ಯಾಲ ಕೆಳಗ ಹೋಗ್ರಿ. ಆಯಿಲ್ ಬಿಡೋ ನಟ್ಟು, ಫಿಲ್ಟರ್ ಎಲ್ಲಿ ಬರ್ತದ ನೋಡಿ ಅಲ್ಲಿ ತೂತು ಗುರುತು ಹಾಕ್ರಿ. ಕೊಯ್ಯೋಕ ದೊಡ್ಡ ಹಲ್ಲಿನ ಗರಗಸ ಇಲ್ಲಾ ಜಿಗ್‌ಸಾ. ಗ್ರೈಂಡರ್ ಹಚ್ಚಿದ್ರ ಪ್ಲಾಸ್ಟಿಕ್ ಕೊಯ್ಯಂಗಿಲ್ಲ, ಕರಗಿ ಬ್ಲೇಡಿಗೆ ಸುತ್ತಿಕೊಳ್ತದ. ಡ್ರಿಲ್ಲೂ ನಿಧಾನ ತಿರುಗಬೇಕು. ಫೆವಿಕ್ವಿಕ್, ಅರಾಲ್ಡೈಟ್ ಮರೀರಿ, ಈ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯಂಗಿಲ್ಲ. ಬೋಲ್ಟೇ ಗತಿ.

ತೂತಿನ ವಿಷಯದಾಗ ಹೆಚ್ಚಿನವರು ಎಡವ್ತಾರ. ಒಂದು ಮೀಟರ್ ಎಚ್‌ಡಿಪಿಇ ಹಾಳಿ ಒಂದು ಡಿಗ್ರಿ ಬಿಸಿಗೆ ಸುಮಾರು 0.15 ಮಿಲಿಮೀಟರ್ ಬೆಳೀತದ. ಕಬ್ಬಿಣ ಬೆಳಿಯೋದು 0.012, ಅಷ್ಟೇ. ಚಳಿಗಾಲದ ಮುಂಜಾನಿ 15 ಡಿಗ್ರಿ ಅಂತ ಇಟ್ಕೊಳ್ರಿ, ಬ್ಯಾಸಗಿ ಮಧ್ಯಾಹ್ನ ಎಂಜಿನ್ ಕೆಳಗ 70. ನಡುವ 55 ಡಿಗ್ರಿ ಫರಕು, ಅಂದ್ರ ಹಾಳಿ 8 ಮಿಲಿಮೀಟರ್ ಉದ್ದ ಆಗ್ತದ. ಕಬ್ಬಿಣದ ಫ್ರೇಮು ಮುಕ್ಕಾಲು ಮಿಲಿಮೀಟರೂ ಬೆಳಿಯಂಗಿಲ್ಲ. ದುಂಡನ ತೂತು ಕೊರೆದು ಬಿಗಿದಿದ್ರ ಆ 8 ಮಿಲಿಮೀಟರ್ ಎಲ್ಲಿ ಹೋಗಬೇಕು? ಪ್ಲೇಟ್ ಹೊಟ್ಟಿ ಬಿಡ್ತದ, ಇಲ್ಲಾ ತೂತಿನಿಂದ ಸೀಳ್ತದ. ಅದಕ್ಕ ನಡುವಿನ ಒಂದು ತೂತು ದುಂಡಗ, ಉಳಿದವು ಉದ್ದಕ ಇರಲಿ. ದೊಡ್ಡ ವಾಷರ್ ಹಾಕ್ರಿ. ಬೋಲ್ಟಿನ ತಲಿ ಪ್ಲಾಸ್ಟಿಕ್ಕಿನ ಒಳಗ ಹುಗಿದಿರಬೇಕು, ಹೊರಗ ಚಾಚಿದ್ರ ಕಲ್ಲು ಮೊದಲು ಹಿಡಿಯೋದು ಅದನ್ನೇ.

ಮುಂದಿನ ಅಂಚು ಬಗ್ಗಿಸೋಕ ಹೀಟ್ ಗನ್ ಬೇಕು. ಎಚ್‌ಡಿಪಿಇ ಕರಗೋದು 130 ಡಿಗ್ರಿ ಆಜುಬಾಜು. ಎರಡೂ ಮಗ್ಗಲು ನಿಧಾನಕ ಕಾಸ್ರಿ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಬಗ್ಗಿಸಿ, ಪೂರ್ತಿ ತಣ್ಣಗಾಗೋತನಕ ಕಟ್ಟಿಗಿ ಇಟ್ಟು ಒತ್ತಿ ಹಿಡೀರಿ. ಬಿಟ್ಟ ಮ್ಯಾಲ ಅದು ಸ್ವಲ್ಪ ಹಿಂದಕ್ಕ ಬರೋದು ಖರೆ. ಕರಗೋ ಬಿಸಿ ಇಷ್ಟೇ ಅಂದ ಮ್ಯಾಲ ಸೈಲೆನ್ಸರ್ ಪೈಪಿನ ಹತ್ತಿರ ಪ್ಲಾಸ್ಟಿಕ್ ಸುಳೀಬಾರದು ಅಂತ ಬ್ಯಾರೆ ಹೇಳಬೇಕಾಗಿಲ್ಲ. ಆ ಜಾಗದಾಗ ಕೊಯ್ದು ತಗಡು ಹಾಕ್ರಿ.

ಇನ್ನ ಟ್ರ್ಯಾಕ್ಟರ್ ಟಾಪಿಗೆ ಬರೋಣ. ಏಪ್ರಿಲ್, ಮೇ ತಿಂಗಳದಾಗ ರಾಯಚೂರು ಜಿಲ್ಲಾ ಬಿಸಿಲು 40 ಡಿಗ್ರಿ ದಾಟೋದು ಹೊಸ ಸುದ್ದಿ ಅಲ್ಲ. ಟಾಪಿಗೆ ಒಡೆದ ಸಿಂಟೆಕ್ಸ್‌ನಷ್ಟು ಚಲೋ ಮಾಲು ಇನ್ನೊಂದಿಲ್ಲ. ಅದು ಎಚ್‌ಡಿಪಿಇಗಿಂತ ಮೆತ್ತಗಿನ ಪಾಲಿಥಿಲೀನು, ಪ್ಲೇಟಿಗೆ ಬರಂಗಿಲ್ಲ. ಆದ್ರ ವರ್ಷಗಟ್ಲೆ ಮಾಳಿಗಿ ಮ್ಯಾಲ ಬಿಸಿಲು ಉಣ್ಣಲಿ ಅಂತಲೇ ಮಾಡಿದ್ದು. ಕರೀ ಬಣ್ಣ ಇರೋದೂ ಅದಕ್ಕೇ, ಅದರಾಗಿನ ಇಂಗಾಲದ ಪುಡಿ ಅತಿನೇರಳೆ ಕಿರಣ ತಡೀತದ. ಗೋಡಿ ಮೊದಲೇ ಬಾಗಿರೋದ್ರಿಂದ ಮಳಿ ನೀರು ನಿಲ್ಲಂಗಿಲ್ಲ. 200 ಲೀಟರ್ ಡ್ರಮ್ಮೂ ನಡೀತದ. ಮ್ಯಾಲಿನ, ಕೆಳಗಿನ ಮುಚ್ಚಳ ಕೊಯ್ದು ಉದ್ದಕ ಸೀಳಿದ್ರ ಸುಮಾರು ಆರಡಿ ಉದ್ದ, ಎರಡೂವರೆ ಅಡಿ ಅಗಲದ ಹಾಳಿ ಸಿಗ್ತದ. ಕ್ರಿಮಿನಾಶಕ, ಥಿನ್ನರ್, ಎಣ್ಣಿ ಇದ್ದ ಡ್ರಮ್ಮು ಮಾತ್ರ ಮುಟ್ಟಬ್ಯಾಡ್ರಿ. ಒಳಗ ಉಳಿದ ಆವಿಗೆ ಕಿಡಿ ತಾಗಿದ್ರ ಸಿಡೀತದ, ವಿಷದ ಡ್ರಮ್ ತೊಳೆದರೂ ವಿಷ ಪೂರ್ತಿ ಹೋಗಂಗಿಲ್ಲ.

ಒಂದಿಂಚು ಚೌಕ ಪೈಪಿನ ಫ್ರೇಮು ಮಾಡಿಸ್ರಿ. ವೆಲ್ಡಿಂಗ್ ಟ್ರ್ಯಾಕ್ಟರ್ ಮ್ಯಾಲೇ ಮಾಡೋದಿದ್ರ ಬ್ಯಾಟರಿ ವಾಯರ್ ಬಿಚ್ಚಿ, ಡೀಸೆಲ್ ಟ್ಯಾಂಕಿನಿಂದ ದೂರ. ಕರೀ ಹಾಳಿ ಕಾದು ತಲಿ ಮ್ಯಾಲ ಬಿಸಿ ಸುರೀತದ, ಅದಕ್ಕ ಕೆಳಗ ನಾಕು ಬೆರಳು ಗಾಳಿ ಬಿಟ್ಟು ಎರಡನೇ ಹಾಳಿ ಹಾಕ್ರಿ. ನಡುವ ಗಾಳಿ ಹಾಯ್ದಾಡಿದ್ರ ಕೆಳಗಿನದು ಅಷ್ಟು ಕಾಯಂಗಿಲ್ಲ. ಅಂಚಿಗೆ ಹಳೇ ಸ್ಪ್ರಿಂಕ್ಲರ್ ಪೈಪನ್ನ ಉದ್ದಕ ಸೀಳಿ ತೊಡಿಸಿಬಿಟ್ರ ಇಳಿವಾಗ ಹತ್ತುವಾಗ ಹಣಿ ಹರಿಯಂಗಿಲ್ಲ.

ಈಗ ಹೇಳೋದನ್ನ ಮಾತ್ರ ಹಗುರ ತಿಳೀಬ್ಯಾಡ್ರಿ. ಈ ಟಾಪು ನೆರಳಿಗೆ. ಕಾಲುವಿ ದಂಡಿ ಮ್ಯಾಲ ಟ್ರ್ಯಾಕ್ಟರ್ ಪಲ್ಟಿ ಆದ್ರ ಒಂದಿಂಚು ಪೈಪು, ಪ್ಲಾಸ್ಟಿಕ್ಕು ಒಂದು ಕ್ಷಣನೂ ತಡಿಯಂಗಿಲ್ಲ. ತಡಿಯೋದು ಕಂಪನಿ ಕೊಡೋ ಪಲ್ಟಿ ಚೌಕಟ್ಟು, ಅದೂ ಸೀಟ್ ಬೆಲ್ಟ್ ಹಾಕಿದ್ರ. ನಿಮ್ಮ ಟ್ರ್ಯಾಕ್ಟರಿಗೆ ಅದು ಇದ್ರ ಟಾಪ್ ಬಿಗಿಯೋಕ ಅದರಾಗ ತೂತು ಕೊರೀಬ್ಯಾಡ್ರಿ, ವೆಲ್ಡಿಂಗೂ ಬ್ಯಾಡ. ಕ್ಲಾಂಪ್ ಹಾಕ್ರಿ. ಇಲ್ಲಂದ್ರ ಜೀವ ಉಳಿಸೋ ಕಂಬ ತೂತು ಕೊರೆದಲ್ಲೇ ಮುರೀತದ.

ಕಾನೂನೂ ಅದ. 1988ರ ಮೋಟಾರು ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕ ವಿರುದ್ಧ ಗಾಡಿ ಬದಲಿಸಂಗಿಲ್ಲ. ಜನವರಿ 2019ರಾಗ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿ ಮಾಡಿ ಹೇಳ್ತು. ಚಾಸಿ ಕೊರೆಯೋದು, ಕೊಯ್ಯೋದು ಬ್ಯಾಡ. ಇದ್ದ ತೂತಿಗೆ ಬಿಗೀರಿ, ಸಂಶಯ ಇದ್ರ ಆರ್‌ಟಿಒ ಕಚೇರ್ಯಾಗ ಮೊದಲೇ ಕೇಳ್ರಿ.

ಕಡೀಕ ನಿಗಾ. ಟಾಪಿನ ಮ್ಯಾಲ ಕೈಯಾಡಿಸಿದಾಗ ಬಿಳೇ ಪುಡಿ ಹತ್ತಿದ್ರ, ಬಗ್ಗಿಸಿದಲ್ಲಿ ಕೂದಲಿನಂಥ ಬಿರುಕು ಕಂಡ್ರ ಬಿಸಿಲು ಅದನ್ನ ತಿಂದು ಮುಗಿಸ್ಯದ ಅಂತ ಅರ್ಥ, ತೆಗೀರಿ. ಪ್ಲೇಟಿನ ಬೋಲ್ಟು ಮೊದಲ ವಾರ ಒಮ್ಮೆ ಮತ್ತ ಬಿಗೀರಿ, ಈ ಪ್ಲಾಸ್ಟಿಕ್ ಒತ್ತಡಕ್ಕ ಸ್ವಲ್ಪ ಕುಸೀತದ. ಹುಗಿದಿಟ್ಟ ಬೋಲ್ಟಿನ ತಲಿಗೆ ಗೀರು ಬೀಳ್ಲಿಕ್ಕತ್ತಾವ ಅಂದ್ರ ಅಲ್ಲೀತನಕ ಪ್ಲೇಟ್ ಸವದದ, ಹೊಸಾದು ಕೊಯ್ಯೋಕ ರಟ್ಟಿನ ಅಳತಿ ಹುಡುಕ್ರಿ.