ಗುಂಪಿಗೆ ಸೇರದ ಮಕ್ಕಳು



‘ಗುಂಪಿಗೆ ಸೇರದ ಪದವನ್ನು ಆರಿಸಿ ಬರೆಯಿರಿ’ ಎಂಬ ಪ್ರಶ್ನೆ ನಿಮಗೆಲ್ಲ ಗೊತ್ತು. ಆರಿಸಿ ಬರೆದರೆ ಒಂದು ಅಂಕ, ಆ ಪದದ ಕತೆ ಅಲ್ಲಿಗೆ ಮುಗಿಯಿತು. ಈ ಗ್ರಾಫಿಕ್ ಕಾದಂಬರಿಗಳ ಪ್ರದರ್ಶನದಲ್ಲಿ ಕತೆ ಶುರುವಾಗುವುದೇ ಅಲ್ಲಿಂದ.

ಕೆನಡಾದ ಜೆಫ್ ಲೆಮಿರ್ 2009ರಲ್ಲಿ ಆರಂಭಿಸಿದ ‘ಸ್ವೀಟ್ ಟೂತ್’ನ ಗಸ್ ಎಂಬ ಹುಡುಗನ ತಲೆಯಲ್ಲಿ ಜಿಂಕೆಯ ಕೊಂಬುಗಳಿವೆ. ಮಹಾಮಾರಿಯಿಂದ ಲೋಕ ಹಾಳಾಗಿದೆ. ಅವನಂಥ ಮಕ್ಕಳನ್ನು ಜನ ಬೇಟೆಯಾಡುತ್ತಾರೆ. ಅವನು ಬಿಡಿಸಬೇಕಾದ ಒಗಟು ಅವನ ಹುಟ್ಟೇ. ವೆರಾ ಬ್ರಾಸ್ಗೋಲ್ ಅವರ ಕಾದಂಬರಿಯ ಆನ್ಯಾ ರಷ್ಯಾದಿಂದ ಅಮೆರಿಕಕ್ಕೆ ಬಂದವಳು, ಶಾಲೆಯಲ್ಲಿ ಎಲ್ಲರಂತೆ ಕಾಣಲು ಹೆಣಗುವವಳು. ಹಳೆಯ ಬಾವಿಯಲ್ಲಿ ಅವಳಿಗೆ ಸಿಕ್ಕ ದೆವ್ವ ತನ್ನ ಸಾವಿನ ಬಗ್ಗೆ ಹೇಳುವ ಕತೆ ನಿಜವಲ್ಲ. ತಾನೂ ಒಂದು ವೇಷ ತೊಟ್ಟವಳಾದ್ದರಿಂದಲೇ ದೆವ್ವದ ವೇಷ ಆನ್ಯಾಳ ಕೈಗೆ ಸಿಕ್ಕಿಬೀಳುತ್ತದೆ ಎಂದು ನನಗನಿಸುತ್ತದೆ.

ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಜಪಾನಿನ ಹಯಾವೊ ಮಿಯಾಝಾಕಿಯವರ ‘ನೌಸಿಕಾ’ ಹತ್ತಿರ. ಹಲ್ಲಿಗೆ ಕಪ್ಪು ಹಚ್ಚದೆ, ಹುಬ್ಬು ಕೀಳದೆ, ಕಂಬಳಿಹುಳು ಸಾಕಿಕೊಂಡು ಎಲ್ಲರ ಬಾಯಿಗೆ ಬಿದ್ದ ಒಬ್ಬ ಹುಡುಗಿಯ ಕತೆ ಜಪಾನಿನ ಹಳೆಯ ಸಾಹಿತ್ಯದಲ್ಲಿದೆ. ಆ ಹುಡುಗಿ ಮಿಯಾಝಾಕಿಯವರನ್ನು ಬಹುಕಾಲ ಕಾಡಿ, ಕೊನೆಗೆ ನೌಸಿಕಾಳಾಗಿ ಬಂದಳು. ನಾಗರಿಕತೆ ಸುಟ್ಟುಹೋಗಿ ಸಾವಿರ ವರ್ಷವಾಗಿದೆ. ವಿಷ ಉಗುಳುವ ಕಾಡು ಊರೂರನ್ನೇ ನುಂಗುತ್ತಿದೆ. ಎಲ್ಲರೂ ಅದನ್ನು ಸುಡಬೇಕೆನ್ನುವಾಗ ಈ ಹುಡುಗಿ ಕದ್ದುಮುಚ್ಚಿ ಅದೇ ಕಾಡಿನ ಗಿಡಗಳನ್ನು ಶುದ್ಧ ನೀರು ಹಾಕಿ ಬೆಳೆಸುತ್ತಾಳೆ. ಗಿಡಗಳಲ್ಲಿ ವಿಷವೇ ಇಲ್ಲ! ವಿಷ ಇರುವುದು ಮನುಷ್ಯರು ಕೆಡಿಸಿಟ್ಟ ಮಣ್ಣಿನಲ್ಲಿ. ಕಾಡು ಅದನ್ನು ಹೀರಿ ತೊಳೆಯುತ್ತಿದೆ.

ಇದೇ ಕತೆಯ 1984ರ ಸಿನಿಮಾ ಹೆಚ್ಚುಕಡಿಮೆ ಈ ಉತ್ತರದಲ್ಲೇ ನೆಮ್ಮದಿ ಕಾಣುತ್ತದೆ. ಗ್ರಾಫಿಕ್ ಕಾದಂಬರಿ ಹಾಗಲ್ಲ. 1982ರಲ್ಲಿ ಪತ್ರಿಕೆಯೊಂದರಲ್ಲಿ ಶುರುವಾದ ಅದು ಸಿನಿಮಾ ಬಂದಮೇಲೂ ನಡುನಡುವೆ ನಿಲ್ಲುತ್ತ, 1994ರವರೆಗೆ ಸಾಗಿತು. ಅಷ್ಟು ವರ್ಷ ಆ ಕಲಾವಿದ ತಾನೇ ಕೊಟ್ಟ ಉತ್ತರವನ್ನು ಮತ್ತೆ ಮತ್ತೆ ಕೆದಕಿದರು. ಈ ಕಾಡು ತಾನಾಗಿ ಹುಟ್ಟಿತೇ, ಯಾರಾದರೂ ನೆಟ್ಟರೇ? ನೆಟ್ಟಿದ್ದರೆ ಯಾರ ಒಳಿತಿಗೆ? ಅಲ್ಲಿಂದ ಮುಂದಿನದನ್ನು ಹೇಳಿ ನಿಮ್ಮ ಓದಿನ ಸುಖ ಕಸಿಯಲಾರೆ. ಎಲ್ಲರೂ ಒಪ್ಪಿದ ಉತ್ತರವನ್ನೂ ಒಪ್ಪದೆ ಮುಂದೆ ನಡೆಯುವ ಧೈರ್ಯ ನೌಸಿಕಾಳಿಗಿದೆ. ಗುಂಪಿಗೆ ಸೇರದವರಿಗೆ ಆ ಧೈರ್ಯ ಬೇಗ ಬರುತ್ತದೆ ಎಂದು ನಾನು ನಂಬಿದ್ದೇನೆ.

ಮಕ್ಕಳೇ, ಪುಟಗಳನ್ನು ಓಡಿಸಬೇಡಿ. ಈ ಪುಸ್ತಕಗಳಲ್ಲಿ ಸುಳಿವು ಮಾತಿನಲ್ಲಷ್ಟೇ ಇರುವುದಿಲ್ಲ, ಚಿತ್ರದ ಮೂಲೆಯಲ್ಲೂ ಇರುತ್ತದೆ. ನೌಸಿಕಾಳ ಎಷ್ಟೋ ಪುಟಗಳು ಬರೀ ಪೆನ್ಸಿಲ್ ಗೆರೆಗಳು. ಒಂದೊಂದು ಹುಳುವಿನ ಕಾಲನ್ನೂ ಕೂತು ನೋಡಬೇಕು.

ಅಪ್ಪ ಅಮ್ಮಂದಿರೇ, ‘ಚಿತ್ರದ ಪುಸ್ತಕ ಸಾಕು, ಓದಿಕೋ’ ಎಂದು ದಯವಿಟ್ಟು ಇವನ್ನು ಕಿತ್ತಿಡಬೇಡಿ, ಇದೂ ಓದೇ. ಗ್ರಂಥಪಾಲಕರಲ್ಲಿ ಒಂದು ವಿನಂತಿ: ಪ್ರದರ್ಶನ ಮುಗಿದ ಮೇಲೆ ಈ ಪುಸ್ತಕಗಳು ಬೀಗ ಹಾಕಿದ ಬೀರುವಿಗೆ ಹೋಗದಿರಲಿ. ಹತ್ತು ವರ್ಷದ ಮಗುವಿನ ಕೈಗೆ ಎಟುಕುವ ಕಪಾಟಿನಲ್ಲಿ ಅದಕ್ಕೆ ತಕ್ಕವು, ಹದಿಹರೆಯದವರ ಕಪಾಟಿನಲ್ಲಿ ಉಳಿದವು ಇರಲಿ.

ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಮಕ್ಕಳು ಮೊದಲು ಒಳಗೆ ಹೋಗಲಿ.