ಕುರ್ಚಿಯಲ್ಲಿ ಕೂರೋ ಮುಂಚೆ ಕೈ ನೋಡಿ

ಒಂದು ಕಟಿಂಗ್ ಕೆಟ್ಟರೆ ಸರಿಹೋಗೋಕೆ ಎಷ್ಟು ದಿನ ಬೇಕು? ಕೂದಲು ಬೆಳೆಯೋದು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್. ಒಂದಿಂಚು ಜಾಸ್ತಿ ಹೋಯ್ತು ಅಂದ್ರೆ ಎರಡೂವರೆ ತಿಂಗಳು ಟೋಪಿಯೇ ಗತಿ. ಆದ್ರೂ ನಾವು ಕಟಿಂಗ್ ಶಾಪ್ ಆರಿಸೋದು ಹೇಗೆ? ಮನೆ ಹತ್ತಿರ ಇದೆ, ಕುರ್ಚಿ ಖಾಲಿ ಇದೆ, ಒಳಗೆ ಹೋದ್ವಿ, ಮುಗೀತು.

ಹೊಸ ಏರಿಯಾಗೆ ಮನೆ ಬದಲಾಯಿಸಿದವರು ಮೊದಲ ಸಲ ಭಾನುವಾರ ಮಾತ್ರ ಹೋಗಬೇಡಿ. ನಮ್ಮಲ್ಲಿ ಹೆಚ್ಚಿನ ಕಡೆ ಮಂಗಳವಾರ ರಜಾ, ಭಾನುವಾರ ಜಾತ್ರೆ. ಬುಧವಾರವೋ ಗುರುವಾರವೋ ಮಧ್ಯಾಹ್ನ ಹೋಗಿ, ಪೇಪರ್ ಹಿಡ್ಕೊಂಡು ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಓದೋಕಲ್ಲ, ಬೇರೆಯವರ ತಲೆ ನೋಡೋಕೆ. ಎಸಿ, ಬಣ್ಣದ ಲೈಟು, ಗೋಡೆ ಮೇಲಿನ ಹೀರೋಗಳ ಫೋಟೊ, ಇವ್ಯಾವೂ ನಿಮ್ಮ ಕೂದಲು ಕತ್ತರಿಸಲ್ಲ.

ನೀರು ಚಿಮುಕಿಸೋ ಮುಂಚೆ ಒಣ ಕೂದಲಲ್ಲಿ ಕೈಯಾಡಿಸಿ ನೋಡ್ತಾರಾ? ಇದನ್ನ ಗಮನಿಸಿ. ಒದ್ದೆ ಕೂದಲು ಹಿಗ್ಗಿ ಉದ್ದ ಕಾಣುತ್ತೆ. ಒಣಗಿದಾಗ, ಅದರಲ್ಲೂ ಗುಂಗುರು ಕೂದಲಾದರೆ, ಸುರುಳಿ ಸುತ್ತಿಕೊಂಡು ಮೇಲಕ್ಕೆ ಹೋಗುತ್ತೆ. ಆಮೇಲೆ ಸುಳಿ. ನೆತ್ತಿ ಹಿಂದಿನ ಸುಳಿ ಯಾವ ಕಡೆ ತಿರುಗಿದೆ ಅಂತ ಬಾಚಿ ನೋಡಿದವರು ಅಲ್ಲಿ ಸ್ವಲ್ಪ ಉದ್ದ ಬಿಡ್ತಾರೆ. ನೋಡದವರು ಎಲ್ಲಾ ಕಡೆ ಒಂದೇ ಸಮ ಓಡಿಸ್ತಾರೆ. ಮಾರನೇ ದಿನ ಸ್ನಾನ ಆದಮೇಲೆ ಅಲ್ಲೊಂದು ಜುಟ್ಟು ಎದ್ದು ನಿಂತಿರುತ್ತೆ, ಎಣ್ಣೆಗೂ ಬಗ್ಗಲ್ಲ.

ನೀವು "ಮೀಡಿಯಂ" ಅಂದಾಗ "ಮೀಡಿಯಂ ಅಂದ್ರೆ ಎಷ್ಟು ಸಾರ್?" ಅಂತ ತಿರುಗಿ ಕೇಳೋರು ಸಿಕ್ಕರೆ ಬಿಡಬೇಡಿ. ನೀವೂ ಸ್ವಲ್ಪ ಲೆಕ್ಕ ಕಲೀರಿ: ಮಷಿನ್‌ನಲ್ಲಿ ನಂಬರ್ ಒಂದು ಅಂದ್ರೆ ಸುಮಾರು 3 ಮಿಲಿಮೀಟರ್, ಎರಡು ಅಂದ್ರೆ 6, ನಾಲ್ಕು ಅಂದ್ರೆ 13. "ಸೈಡಿಗೆ ಎರಡು, ಮೇಲೆ ಕತ್ತರಿ" ಅಂದ್ರೆ ಜಗಳವೇ ಇರಲ್ಲ. ಇನ್ನು, ಹೀರೋ ಫೋಟೊ ತೋರಿಸಿದಾಗ "ನಿಮಗೆ ಮುಂದುಗಡೆ ತೆಳ್ಳಗಿದೆ, ಇದು ಕೂರಲ್ಲ" ಅಂತ ಮುಖಕ್ಕೇ ಹೇಳೋರು ಬಂಗಾರದಂಥವರು. ಬೇಜಾರಾಗುತ್ತೆ, ಆದ್ರೆ ಅವರನ್ನೇ ಹಿಡ್ಕೊಳ್ಳಿ.

ಬ್ಲೇಡ್ ವಿಷಯದಲ್ಲಿ ಸಂಕೋಚ ಬೇಡ. ಕಾಗದ ಬಿಚ್ಚಿ, ಬ್ಲೇಡ್ ಮುರಿದು, ಅರ್ಧ ಹಾಕೋದು ನಿಮ್ಮ ಕಣ್ಣೆದುರೇ ಆಗಬೇಕು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೂ ಕನಿಷ್ಠ ಏಳು ದಿನ ಬದುಕಿರುತ್ತೆ. ಅದು ಹರಡೋಕೆ ಕಣ್ಣಿಗೆ ಕಾಣೋಷ್ಟು ರಕ್ತವೂ ಬೇಕಿಲ್ಲ. ಶೇವಿಂಗ್ ಆದಮೇಲೆ ಎಲ್ಲರ ಕೆನ್ನೆಗೂ ತಿಕ್ಕೋ ಒಂದೇ ಪಟಿಕದ ಕಲ್ಲು ಇದೆಯಲ್ಲ, ಅದನ್ನೂ ಬೇಡ ಅನ್ನಿ.

ಕೊನೆಗೆ ಆ ಫ್ರೀ ಮಸಾಜು! ನೆತ್ತಿ ತಟ್ಟಲಿ, ಹೆಗಲು ಒತ್ತಲಿ, ಸುಖವಾಗಿರುತ್ತೆ. ಆದ್ರೆ ಗದ್ದ ಹಿಡಿದು ಕತ್ತನ್ನ ಲಟಕ್ ಅನ್ನಿಸೋಕೆ ಬಂದ್ರೆ ಅಲ್ಲೇ ತಡೀರಿ. ಆ ತಿರುವಿಗೆ ಮೆದುಳಿಗೆ ಹೋಗೋ ರಕ್ತನಾಳದ ಒಳಪದರ ಹರಿದು, ರಕ್ತ ಹೆಪ್ಪುಗಟ್ಟಿ, ಪಾರ್ಶ್ವವಾಯು ಆಗಬಹುದು. ಬಳ್ಳಾರಿಯ ಒಬ್ಬ ಯುವಕನಿಗೆ ಹೀಗೇ ಆಗಿದ್ದು 2024ರಲ್ಲಿ ಸುದ್ದಿಯಾಗಿತ್ತು. ನುರಿತ ಕೆಲಸಗಾರರೂ ಇದನ್ನ ಪ್ರೀತಿಯಿಂದಲೇ ಮಾಡ್ತಾರೆ, ಅದಕ್ಕೇ ಬೇಡ ಅನ್ನೋಕೆ ನಮಗೆ ಬಾಯಿ ಬರಲ್ಲ.

ಪಾರ್ಲರ್‌ಗೆ ಹೋಗೋ ಅಕ್ಕಂದಿರೇ, ಡೈ ಹಚ್ಚಿಸ್ಕೊಳ್ಳೋ ಅಣ್ಣಂದಿರೇ, ನಿಮಗೂ ಒಂದು ಮಾತು. ಅಪ್ಪಟ ಮದರಂಗಿಯಿಂದ ಬರೋದು ಕೆಂಪು, ಕೇಸರಿ ಬಣ್ಣ. "ಕಪ್ಪು ಹೆನ್ನಾ" ಅಂದ್ರೆ ಅದರಲ್ಲಿ ಬೇರೇನೋ ಸೇರಿದೆ, ಸಾಮಾನ್ಯವಾಗಿ ಪಿಪಿಡಿ ಅನ್ನೋ ರಾಸಾಯನಿಕ. ಕೆಲವರಿಗೆ ಇದು ಮುಖ ಊದಿಸಿಬಿಡುತ್ತೆ. ಕಿವಿ ಹಿಂದೆ ಚೂರು ಹಚ್ಚಿ 48 ಗಂಟೆ ಕಾದು ಬನ್ನಿ ಅನ್ನೋ ಪಾರ್ಲರ್ ಸಿಕ್ಕರೆ, ಎರಡು ಬಸ್ ಬದಲಾಯಿಸಿಯಾದ್ರೂ ಅಲ್ಲಿಗೇ ಹೋಗಿ.

ಮೊದಲ ಸಲ ಬರೀ ಟ್ರಿಮ್ ಮಾಡಿಸಿ. ಅವತ್ತೇ ಕನ್ನಡಿ ನೋಡಿ ತೀರ್ಮಾನಕ್ಕೆ ಬರಬೇಡಿ. ಜೆಲ್ ಹಾಕಿ ಬಾಚಿದ ಮೇಲೆ ಎಲ್ಲರೂ ಚೆನ್ನಾಗೇ ಕಾಣ್ತಾರೆ. ಮೂರನೇ ವಾರದಲ್ಲಿ, ಎಣ್ಣೆ ಗಿಣ್ಣೆ ಇಲ್ಲದೆ, ಕೂದಲು ತಾನಾಗೇ ಕೂರುತ್ತಾ ನೋಡಿ. ಕೂತರೆ ಅವರ ನಂಬರ್ ಸೇವ್ ಮಾಡ್ಕೊಳ್ಳಿ.