ಆಲೆಮನೆಯ ಬಾಗಿಲಿಗೆ ಗ್ರಾಮ ಪಂಚಾಯಿತಿ: ಸ್ಥಳೀಯ ಉದ್ದಿಮೆಗಳ ಭೇಟಿಗೆ ಸಿದ್ಧತೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಹಳ್ಳಿಯ ಉದ್ದಿಮೆ ಸದ್ದಿಲ್ಲದೆ ಮುಚ್ಚುತ್ತದೆ. ಮಂಡ್ಯ ಜಿಲ್ಲೆಯ ಆಲೆಮನೆಗಳು ಇದಕ್ಕೆ ನಿದರ್ಶನ. ಗಾಣ ನಿಂತ ಸುದ್ದಿ ಪಂಚಾಯಿತಿ ಕಚೇರಿಗೆ ತಲುಪುವ ವೇಳೆಗೆ ಕೊಪ್ಪರಿಗೆ ಮಾರಾಟವಾಗಿರುತ್ತದೆ. ಬೆಲ್ಲದ ಹದ ಬಲ್ಲ ಕೆಲಸಗಾರ ಊರು ಬಿಟ್ಟಿರುತ್ತಾನೆ. ಸಕ್ಕರೆ ಕಾರ್ಖಾನೆಯ ಕಟಾವು ಅನುಮತಿ ತಡವಾದಾಗ ಕಬ್ಬನ್ನು ಆಲೆಮನೆಗೆ ಸಾಗಿಸುತ್ತಿದ್ದ ರೈತನಿಗೆ ಆ ದಾರಿಯೂ ಇಲ್ಲವಾಗುತ್ತದೆ.

ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಆಹಾರ ಸಂಸ್ಕರಣೆ ಸೇರಿದಂತೆ ಸಣ್ಣ ಕೈಗಾರಿಕೆಗಳು ಮತ್ತು ಗುಡಿ ಕೈಗಾರಿಕೆಗಳು ಸೇರಿವೆ. ಆದರೂ ಆಲೆಮನೆಯ ಬಾಗಿಲಿಗೆ ಪಂಚಾಯಿತಿ ಹೋಗುವುದು ಸಾಮಾನ್ಯವಾಗಿ ಎರಡೇ ಸಂದರ್ಭಗಳಲ್ಲಿ: ತೆರಿಗೆ ಬಾಕಿ ಇದ್ದಾಗ, ಇಲ್ಲವೇ ಹೊಗೆಯ ದೂರು ಬಂದಾಗ. ಕಷ್ಟಸುಖ ವಿಚಾರಿಸುವ ಮೂರನೆಯ ಸಂದರ್ಭವನ್ನು ಪಂಚಾಯಿತಿಯೇ ಕಲ್ಪಿಸಿಕೊಳ್ಳಬೇಕು.

ಭೇಟಿಗೆ ಮೊದಲು ವಾರ್ಡುವಾರು ಪಟ್ಟಿ ಸಿದ್ಧವಾಗಲಿ. ಆಲೆಮನೆ, ಹಿಟ್ಟಿನ ಗಿರಣಿ, ಎಣ್ಣೆ ಗಾಣ, ಮರಗೆಲಸ, ಕಮ್ಮಾರಿಕೆ, ಹೊಲಿಗೆ, ಎಲ್ಲವೂ ಅದರಲ್ಲಿರಲಿ. ಕೆಲಸಗಾರರನ್ನು ಕಡಿಮೆ ಮಾಡಿದ, ಯಂತ್ರ ನಿಲ್ಲಿಸಿದ, ಮಾಲೀಕರಿಗೆ ವಯಸ್ಸಾಗಿ ಮುಂದುವರಿಸುವವರಿಲ್ಲದ ಘಟಕಗಳಿಗೆ ಮೊದಲ ಸ್ಥಾನ ಸಲ್ಲಬೇಕು.

ತಂಡದಲ್ಲಿ ಮೂವರಿದ್ದರೆ ಸಾಕು: ಆ ವಾರ್ಡಿನ ಸದಸ್ಯರು, ಪಂಚಾಯಿತಿ ಅಧಿಕಾರಿ ಅಥವಾ ಕಾರ್ಯದರ್ಶಿ, ಸಂಜೀವಿನಿ ಒಕ್ಕೂಟದ ಪ್ರತಿನಿಧಿ. ಆ ದಿನ ಕರ ವಸೂಲಿಗಾರರು ಜೊತೆಗಿರುವುದು ಬೇಡ. ಅದೇ ವ್ಯಾಪಾರ ನಡೆಸುವ ಅಥವಾ ಆ ಮಾಲೀಕರೊಡನೆ ಸಾಲದ ವ್ಯವಹಾರವಿರುವ ಸದಸ್ಯರು ದೂರವಿರುವುದು ಲೇಸು. ದಿನ, ವೇಳೆಯನ್ನು ಮೊದಲೇ ತಿಳಿಸಿರಬೇಕು. ಪಾಕ ಹದಕ್ಕೆ ಬರುವ ಹೊತ್ತಿನಲ್ಲಿ ಕೊಪ್ಪರಿಗೆಯಿಂದ ಕಣ್ಣು ಕದಲಿಸುವಂತಿಲ್ಲ. ಆಗ ಹೋದವರಿಗೆ ಉತ್ತರ ದೊರೆಯದು.

ಪ್ರಶ್ನೆಗಳು ಐದನ್ನು ಮೀರದಿರಲಿ. ಕಳೆದ ವರ್ಷಕ್ಕಿಂತ ಕೆಲಸ ಹೆಚ್ಚಿದೆಯೇ, ಕುಗ್ಗಿದೆಯೇ? ರಸ್ತೆ, ನೀರು, ವಿದ್ಯುತ್ತಿನಲ್ಲಿ ಯಾವ ತೊಡಕಿದೆ? ಯಾವ ಪರವಾನಗಿ ಅಥವಾ ದಾಖಲೆ ಬಾಕಿ ಇದೆ? ಕೆಲಸಗಾರರು ಸಿಗುತ್ತಿದ್ದಾರೆಯೇ? ಮುಂದಿನ ಹಂಗಾಮಿಗೆ ಘಟಕ ನಡೆಸುವ ಮನಸ್ಸಿದೆಯೇ? ಕೊನೆಯ ಪ್ರಶ್ನೆಯೇ ಮುಖ್ಯವಾದುದು. ಕೆಲಸಗಾರರನ್ನೂ, ವಿಶೇಷವಾಗಿ ಮಹಿಳೆಯರನ್ನೂ, ಪ್ರತ್ಯೇಕವಾಗಿ ಮಾತನಾಡಿಸಬೇಕು. ಸಾಲ, ಲಾಭ ನಷ್ಟದ ಮಾತುಗಳು ತಂಡದಲ್ಲೇ ಉಳಿಯಬೇಕು. ಅವು ಚಹಾ ಅಂಗಡಿಗೆ ತಲುಪಿದರೆ ಎರಡನೆಯ ಬಾಗಿಲು ತೆರೆಯದು.

ಕೇಳಿದ್ದನ್ನು ಮೂರು ಭಾಗವಾಗಿ ಬರೆದಿಡುವುದು ಉಚಿತ. ಕುಸಿದ ಮೋರಿ, ಕತ್ತಲೆಯ ದಾರಿ, ಬಾಕಿ ಪರವಾನಗಿ ಪಂಚಾಯಿತಿಯೇ ಮಾಡಬಹುದಾದವು. ವೋಲ್ಟೇಜ್ ಸಮಸ್ಯೆ ಸೆಸ್ಕ್‌ಗೆ, ಸಾಲದ ವಿಷಯ ಬ್ಯಾಂಕಿಗೆ ಹಾಗೂ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ, ರಾಸಾಯನಿಕಮುಕ್ತ ಬೆಲ್ಲದ ತಾಂತ್ರಿಕ ಸಲಹೆಯ ಅಗತ್ಯ ಮಂಡ್ಯದ ವಿ.ಸಿ. ಫಾರ್ಮಿನ ಕೃಷಿ ಸಂಶೋಧನಾ ಕೇಂದ್ರಕ್ಕೆ ತಲುಪಬೇಕು. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ 2020ರಲ್ಲಿ ಆರಂಭವಾದ ಕೇಂದ್ರ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಗುರುತಿಸಿದ ಉತ್ಪನ್ನವೇ ಬೆಲ್ಲ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿದ್ದು, ಗ್ರಾಮೀಣ ಅರ್ಜಿಗಳ ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯಿತಿಯಲ್ಲೇ ನಡೆಯುತ್ತದೆ. ಅಲ್ಲಿ ಕಡತ ಕುಳಿತರೆ ಕಮ್ಮಾರನ ಸಾಲವೂ ಕುಳಿತಂತೆ.

ಮೂರನೆಯ ಭಾಗ, ಪಂಚಾಯಿತಿಯ ಕೈಮೀರಿದ್ದು. ಬೆಲ್ಲದ ಧಾರಣೆಯನ್ನು ಪಂಚಾಯಿತಿ ನಿಗದಿಪಡಿಸಲಾರದು. ಇದನ್ನು ಅಂದೇ ಸ್ಪಷ್ಟವಾಗಿ ಹೇಳುವುದು ಗೌರವ. ಹಾಗೆಯೇ, ಭೇಟಿಯೆಂದರೆ ವಿನಾಯಿತಿಯಲ್ಲ. ಒಲೆಗೆ ಟೈರು ಹಾಕುವ ಘಟಕದ ನೆರೆಮನೆಯ ಮಗು ಕೆಮ್ಮುತ್ತಿದ್ದರೆ, ಆ ಮಗುವಿನ ಪರವಾಗಿಯೂ ಸದಸ್ಯರು ಮಾತನಾಡಲೇಬೇಕು.

ಭೇಟಿಯ ಬೆಲೆ ತಿಳಿಯುವುದು ಅನಂತರ. ಪ್ರತಿ ಬೇಡಿಕೆಯ ಎದುರು ಹೊಣೆ ಹೊತ್ತವರ ಹೆಸರು, ದಿನಾಂಕ, ಆದ ಕ್ರಮ ದಾಖಲಾಗಲಿ. ಮುಂದಿನ ಸಾಮಾನ್ಯ ಸಭೆಯಲ್ಲಿ, ಖಾಸಗಿ ವಿವರಗಳನ್ನು ಹೊರತುಪಡಿಸಿ, ಅದರ ಪರಿಶೀಲನೆಯಾಗಲಿ. ಹದಿನೈದು ದಿನಗಳಲ್ಲಿ ಮಾಲೀಕರಿಗೆ ಉತ್ತರ ತಲುಪಲಿ. ಕೆಲಸ ಆಗದಿದ್ದರೆ ಏಕೆ ಆಗಲಿಲ್ಲವೆಂಬ ಉತ್ತರವಾದರೂ ತಲುಪಲಿ. ಐವತ್ತು ಘಟಕಗಳನ್ನು ಒಮ್ಮೆ ನೋಡಿ ಮರೆಯುವುದಕ್ಕಿಂತ ಐದು ಘಟಕಗಳಿಗೆ ಎರಡು ಬಾರಿ ಹೋಗುವುದು ಮೇಲು. ಮೊದಲ ಬಾರಿ ಹೋದವರನ್ನು ಊರು ಅತಿಥಿಗಳೆಂದು ಕಾಣುತ್ತದೆ. ಉತ್ತರದೊಂದಿಗೆ ಮರಳಿ ಬಂದವರನ್ನು ತನ್ನವರೆಂದು ನಂಬುತ್ತದೆ.